ಕಂಪ್ಯೂಟರಿಗೆ ಪಾಠ ಹೇಳಿದ ಟೀಚರ್: ಗ್ರೇಸ್ ಹಾಪರ್

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಪರಿಚಯ ಬರೆದುಕೊಡಬೇಕೆಂದು ಸಮಿತಿಯವರು ಕೇಳುವ ಹೊತ್ತಿಗೆ ದೊಡ್ಡ ಹೆಸರುಗಳೆಲ್ಲ ಹಂಚಿಹೋಗಿದ್ದವು. ವಿಶ್ವೇಶ್ವರಯ್ಯನವರು, ಕುವೆಂಪು, ಕೆಂಪೇಗೌಡರು ಎಲ್ಲರನ್ನೂ ನನಗಿಂತ ಹಿರಿಯ ವಿದ್ಯಾರ್ಥಿಗಳು ತೆಗೆದುಕೊಂಡಿದ್ದರು. ನಿನ್ನ ಕ್ಷೇತ್ರದವರ ಬಗ್ಗೆಯೇ ಬರಿ ಎಂದು ನಮ್ಮ ಗಣಿತದ ಮೇಷ್ಟ್ರು ಹೇಳಿದ್ದರಿಂದ ಧೈರ್ಯ ಬಂತು. ನಾನು ಬರೆಯುತ್ತಿರುವುದು ಅಮೆರಿಕದ ಒಬ್ಬ ಗಣಿತದ ಟೀಚರ್ ಬಗ್ಗೆ. ಅವರು ತೀರಿಕೊಂಡು 30 ವರ್ಷಗಳ ಮೇಲಾಯಿತು. ನಮ್ಮೂರಿಗೆ ಅವರು ಬಂದವರಲ್ಲ. ಆದರೆ ಇಂದಿರಾನಗರ, ವೈಟ್‌ಫೀಲ್ಡ್ ಕಡೆ ಕಂಪ್ಯೂಟರ್ ಕೆಲಸಕ್ಕೆ ಹೋಗುವ ನಮ್ಮ ಶಾಲೆಯ ಹುಡುಗ ಹುಡುಗಿಯರೆಲ್ಲ ದಿನವೂ ಅವರು ಹಾಕಿದ ದಾರಿಯಲ್ಲೇ ನಡೆಯುತ್ತಿದ್ದೇವೆ.

ಅವರ ಹೆಸರು ನನಗೆ ಗೊತ್ತಾದದ್ದು ಒಂದು ಕಷ್ಟದಿಂದ. 2012ರಲ್ಲಿ ಬಿ.ಇ. ಮುಗಿಸಿ ಇಂದಿರಾನಗರದ ಒಂದು ಸಣ್ಣ ಕಂಪನಿಗೆ ಸೇರಿದೆ. ನನಗೆ ಕೊಟ್ಟ ಕಂಪ್ಯೂಟರಿನಲ್ಲಿದ್ದ ಮೆಮೊರಿ 1 ಜಿಬಿ. ಪ್ರೋಗ್ರಾಮಿನಲ್ಲಿ ಒಂದು ಸಾಲು ತಿದ್ದಿ ಕಂಪೈಲ್ ಮಾಡಲು ಕೊಟ್ಟರೆ 50 ನಿಮಿಷ ಕಾಯಬೇಕು. ಟಿನ್ ಫ್ಯಾಕ್ಟರಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಕೆ.ಆರ್. ಪುರದಿಂದ ಆಫೀಸಿಗೆ ಬರುತ್ತಿದ್ದದ್ದೂ ಅಷ್ಟೇ ಹೊತ್ತು. ಕಾದು ಕಾದು ನೋಡಿದರೆ ಅಲ್ಲೊಂದು ಅರ್ಧವಿರಾಮ ಬಿಟ್ಟುಹೋಗಿದೆ ಎಂಬ ತಪ್ಪು. ತಿದ್ದಿ, ಮತ್ತೆ 50 ನಿಮಿಷ. ಹೀಗೆ ದಿನಕ್ಕೆ ಏಳೆಂಟು ಸಲವಷ್ಟೇ ಕೆಲಸ ನೋಡಲು ಸಾಧ್ಯ. ಪ್ರೊಬೇಷನ್ ಮುಗಿಯಲು ಎರಡು ತಿಂಗಳಿತ್ತು. ಕೆಲಸ ಆಗುತ್ತಿಲ್ಲ ಎಂಬ ದೂರು ಮೇಲಿನವರಿಗೆ ಹೋಗಿತ್ತು. ಮನೆಯಲ್ಲಿ ಆಗಷ್ಟೇ ಸಾಲದ ಕಂತು ಶುರುವಾಗಿತ್ತು.

ಕಂಪೈಲ್ ಎಂದರೇನು ಎಂದು ನಮ್ಮ ಊರಿನ ಹಿರಿಯರಿಗಾಗಿ ಎರಡು ಮಾತು. ನಾವು ಪ್ರೋಗ್ರಾಮನ್ನು ಇಂಗ್ಲಿಷಿನಂತೆ ಕಾಣುವ ಪದಗಳಲ್ಲಿ ಬರೆಯುತ್ತೇವೆ. ಯಂತ್ರಕ್ಕೆ ಅಂಕೆ ಬಿಟ್ಟು ಬೇರೇನೂ ತಿಳಿಯದು. ಪದದಿಂದ ಅಂಕೆಗೆ ಆಗುವ ಅನುವಾದವೇ ಕಂಪೈಲ್, ಆ ಅನುವಾದ ಮಾಡುವ ಪ್ರೋಗ್ರಾಂ ಕಂಪೈಲರ್. ಅನುವಾದ ನಡೆಯುವ ಜಾಗ ಮೆಮೊರಿ. ಅಡುಗೆ ಕಟ್ಟೆ ಚಿಕ್ಕದಾದರೆ ಪಾತ್ರೆಗಳನ್ನು ಅಟ್ಟಕ್ಕೆ ಇಡುವುದು, ಬೇಕಾದಾಗ ಏಣಿ ಹಾಕಿ ಇಳಿಸುವುದು, ಮತ್ತೆ ಹತ್ತಿಸುವುದು. ನನ್ನ ಕಂಪ್ಯೂಟರ್ ಅದನ್ನೇ ಮಾಡುತ್ತಿತ್ತು. ಮೆಮೊರಿ ಸಾಲದೆ ಹಾರ್ಡ್ ಡಿಸ್ಕಿಗೆ ಹಾಕುವುದು, ತೆಗೆಯುವುದು. 50 ನಿಮಿಷದಲ್ಲಿ ಬಹುಪಾಲು ಏಣಿ ಹತ್ತಿ ಇಳಿಯುವುದಕ್ಕೇ ಹೋಗುತ್ತಿತ್ತು.

ಹೊಸ ಕಂಪ್ಯೂಟರ್ ಬೇಕೆಂದು ನಾನು ಕೇಳಿದೆ. ಸಿಗಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ಒಂದು ಸಂಜೆ ಕುರ್ಚಿ ಎಳೆದುಕೊಂಡು ಬಂದರು. ನಾಲ್ಕು ಕಡತಗಳನ್ನು ಒಟ್ಟಿಗೆ ಕಂಪೈಲ್ ಮಾಡಲು ಬಿಟ್ಟಿದ್ದೆ, ಬೇಗ ಆಗಲಿ ಎಂದು. ಅವರು ಒಂದೊಂದಾಗಿ ಮಾಡಿಸಿದರು. ಒಂದು ಕಡತಕ್ಕೆ ಕಟ್ಟೆಯಲ್ಲಿ ಜಾಗ ಸಾಕಿತ್ತು, ಏಣಿ ಬೇಕಾಗಲಿಲ್ಲ. ಆಮೇಲೆ, ಬದಲಾಗದ ಕಡತಗಳ ಅನುವಾದವನ್ನು ಎತ್ತಿಟ್ಟುಕೊಂಡು ಬದಲಾದದ್ದನ್ನು ಮಾತ್ರ ಮತ್ತೆ ಅನುವಾದಿಸಿ, ಕೊನೆಗೆ ಎಲ್ಲವನ್ನೂ ಜೋಡಿಸುವಂತೆ ಮಾಡಿದರು. 50 ನಿಮಿಷದ ಕೆಲಸ 4 ನಿಮಿಷಕ್ಕೆ ಇಳಿಯಿತು. ಯಂತ್ರ ಅದೇ, ಮೆಮೊರಿ ಅದೇ. ಇದೆಲ್ಲ ನನ್ನದಲ್ಲಪ್ಪ, ನಿಮ್ಮಪ್ಪ ಅಮ್ಮ ಹುಟ್ಟುವ ಮೊದಲೇ ಒಬ್ಬ ಹೆಂಗಸು ಹಾಕಿಕೊಟ್ಟ ದಾರಿ ಎಂದರು. ಆ ರಾತ್ರಿ ಮನೆಗೆ ಬಂದು ಗ್ರೇಸ್ ಹಾಪರ್ ಬಗ್ಗೆ ಓದಲು ಕುಳಿತವನು ಇನ್ನೂ ಓದುತ್ತಲೇ ಇದ್ದೇನೆ.

ಗ್ರೇಸ್ ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ನ್ಯೂಯಾರ್ಕಿನಲ್ಲಿ. ತಂದೆ ವಿಮೆಯ ವ್ಯವಹಾರದವರು. ತಾಯಿಗೆ ಗಣಿತವೆಂದರೆ ಇಷ್ಟ, ಆದರೆ ಆ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಅದನ್ನು ಮುಂದಕ್ಕೆ ಓದುವ ಅವಕಾಶ ಇರಲಿಲ್ಲ. ಹೆಣ್ಣುಮಕ್ಕಳಿಗೂ ಮಗನಷ್ಟೇ ಓದು ಸಿಗಬೇಕೆಂಬುದು ತಂದೆಯ ಹಟ. ಗ್ರೇಸ್ ಏಳು ವರ್ಷದವರಾಗಿದ್ದಾಗ ಅಲಾರಂ ಗಡಿಯಾರ ಹೇಗೆ ನಡೆಯುತ್ತದೆ ನೋಡಬೇಕೆಂದು ಒಂದನ್ನು ಬಿಚ್ಚಿದರು. ಜೋಡಿಸಲು ಬರಲಿಲ್ಲ. ಅದನ್ನು ತಿಳಿಯಲು ಇನ್ನೊಂದನ್ನು ಬಿಚ್ಚಿದರು. ಹೀಗೆ ಮನೆಯ ಏಳು ಗಡಿಯಾರಗಳೂ ಬಿಚ್ಚಿಹೋದವು. ತಾಯಿ ಹೊಡೆಯಲಿಲ್ಲ. ಇನ್ನು ಮುಂದೆ ಒಂದನ್ನು ಮಾತ್ರ ಬಿಚ್ಚಬೇಕು ಎಂದು ಕಟ್ಟಳೆ ಮಾಡಿದರು. ನನ್ನ ಮಟ್ಟಿಗೆ ಇದು ಬಹಳ ದೊಡ್ಡ ತಾಯಿಯ ಲಕ್ಷಣ. ನಾನು ನಮ್ಮ ಮನೆಯ ರೇಡಿಯೋ ಬಿಚ್ಚಿದಾಗ ಬಿದ್ದದ್ದನ್ನು ಇಲ್ಲಿ ಬರೆಯುವುದಿಲ್ಲ.

ವ್ಯಾಸರ್ ಕಾಲೇಜಿನಲ್ಲಿ ಓದಿ, ಅಲ್ಲೇ 1931ರಿಂದ ಗಣಿತ ಕಲಿಸತೊಡಗಿದರು. 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಪಿಎಚ್.ಡಿ. ಪಡೆದರು. ಗಣಿತದ ವಿದ್ಯಾರ್ಥಿಗಳಿಂದ ಪ್ರಬಂಧ ಬರೆಸಿ, ಭಾಷೆ ಸರಿಯಿಲ್ಲದಿದ್ದರೆ ಅಂಕ ಕಳೆಯುತ್ತಿದ್ದರು. ಲೆಕ್ಕ ಬಂದರೆ ಸಾಲದು, ಅದನ್ನು ಇನ್ನೊಬ್ಬರಿಗೆ ತಿಳಿಸಲು ಬರಬೇಕು ಎಂಬುದು ಅವರ ನಿಲುವು. ಮುಂದೆ ಅವರು ಮಾಡಿದ್ದೆಲ್ಲ ಇದರ ಮುಂದುವರಿಕೆ ಎಂದೇ ನನಗೆ ತೋರುತ್ತದೆ.

ಎರಡನೆಯ ಮಹಾಯುದ್ಧ ಬಂತು. 36 ದಾಟಿದ್ದ ಈ ಮೇಡಂ ನೌಕಾಪಡೆಗೆ ಸೇರಲು ಹೊರಟರು. ವಯಸ್ಸು ಹೆಚ್ಚು ಎಂದರು. ತೂಕ ನಿಗದಿಗಿಂತ ಸುಮಾರು 7 ಕೆ.ಜಿ. ಕಡಿಮೆ. ವಿಶೇಷ ಅನುಮತಿ ಪಡೆದು 1943ರ ಡಿಸೆಂಬರಿನಲ್ಲಿ ಸೇರಿ, ತರಬೇತಿಯಲ್ಲಿ ಮೊದಲಿಗರಾಗಿ ಬಂದರು. 1944ರ ಜುಲೈನಲ್ಲಿ ಅವರನ್ನು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಕ್ 1 ಎಂಬ ಯಂತ್ರದ ಮುಂದೆ ತಂದು ನಿಲ್ಲಿಸಿದರು. 51 ಅಡಿ ಉದ್ದ, 8 ಅಡಿ ಎತ್ತರ. ಐಟಿಐ ಕಾರ್ಖಾನೆಯಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್ ಜೋಡಿಸಿದ ದೂರವಾಣಿನಗರದ ಹಿರಿಯರಿಗೆ ರಿಲೇ ಎಂದರೆ ವಿವರಿಸಬೇಕಿಲ್ಲ. ಅಂಥ ರಿಲೇಗಳು, ತಿರುಗುವ ಚಕ್ರಗಳು, ಉದ್ದಕ್ಕೂ ಹಾದ ಒಂದು ಶಾಫ್ಟ್, ಅದನ್ನು ತಿರುಗಿಸಲು ನಮ್ಮ ಬೋರ್‌ವೆಲ್ಲಿಗೆ ಹಾಕುವಂಥ 5 ಎಚ್.ಪಿ. ಮೋಟಾರು. ಸೆಕೆಂಡಿಗೆ ಮೂರು ಕೂಡುವ ಲೆಕ್ಕ ಮಾಡುತ್ತಿತ್ತು. ಒಂದು ಗುಣಾಕಾರಕ್ಕೆ ಸುಮಾರು 6 ಸೆಕೆಂಡು. ಲೆಕ್ಕದ ನಡುವೆ ಅದು ನೆನಪಿಟ್ಟುಕೊಳ್ಳಬಲ್ಲದ್ದು 72 ಸಂಖ್ಯೆಗಳನ್ನು.

ಆ ಯಂತ್ರಕ್ಕೆ ಮಾಡಬೇಕಾದ ಕೆಲಸವನ್ನು ಕಾಗದದ ಪಟ್ಟಿಯಲ್ಲಿ ತೂತು ಕೊರೆದು ಹೇಳಬೇಕಿತ್ತು. ಹಾಪರ್ ಮತ್ತು ಜೊತೆಗಾರರು ಸರಿಯಾಗಿ ನಡೆದ ತುಣುಕುಗಳನ್ನು ನೋಟ್ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಸೈನ್ ಬೆಲೆ ಕಂಡುಹಿಡಿಯುವ ತುಣುಕು ಒಬ್ಬರಲ್ಲಿ, ಇನ್ನೇನೋ ಇನ್ನೊಬ್ಬರಲ್ಲಿ. ಬೇಕಾದವರು ಬೇಕಾದವರಿಂದ ನಕಲು ಮಾಡಿಕೊಳ್ಳುವುದು. ತಪ್ಪುಗಳು ಹುಟ್ಟುತ್ತಿದ್ದದ್ದು ಇಲ್ಲೇ. ಪುಸ್ತಕದಿಂದ ಹಾಳೆಗೆ ಇಳಿಸುವಾಗ 4 ಇದ್ದದ್ದು 9 ಆಗುತ್ತಿತ್ತು. ತುಣುಕನ್ನು ಹೊಸ ಜಾಗಕ್ಕೆ ಕೂರಿಸುವಾಗ ಪ್ರತಿ ಸಂಖ್ಯೆಗೂ ಇಷ್ಟಿಷ್ಟು ಕೂಡಬೇಕಿತ್ತು, ಕೂಡುವುದರಲ್ಲಿ ತಪ್ಪುತ್ತಿತ್ತು. ಅಂದರೆ ಗಣಿತದಲ್ಲಿ ಡಾಕ್ಟರೇಟ್ ಪಡೆದವರೂ ನಕಲು ಮತ್ತು ಕೂಡುವ ಲೆಕ್ಕ ಎರಡರಲ್ಲೂ ಕೆಟ್ಟವರು ಎಂಬುದು ಅವರಿಗೆ ಚೆನ್ನಾಗಿ ಮನದಟ್ಟಾಯಿತು. ಯಂತ್ರ ಬೇಸರವಿಲ್ಲದೆ ಮಾಡಬಲ್ಲ ಕೆಲಸ ಇವೆರಡೇ ಎಂಬುದೂ ತಿಳಿಯಿತು. ಈ ಎರಡನ್ನು ಒಟ್ಟಿಗಿಟ್ಟು ನೋಡಲು ಅವರಿಗೆ ಇನ್ನೂ ಕೆಲವು ವರ್ಷ ಬೇಕಾಯಿತು.

ಆ ವರ್ಷಗಳು ಸುಖದವಲ್ಲ. 1945ರಲ್ಲಿ ಮದುವೆ ಮುರಿಯಿತು. ಮಾರ್ಕ್ 1ರ ಬಗ್ಗೆ 561 ಪುಟಗಳ ಕೈಪಿಡಿ ಬರೆದರೂ ಹಾರ್ವರ್ಡ್‌ನಲ್ಲಿ ಕಾಯಂ ಹುದ್ದೆ ಸಿಗಲಿಲ್ಲ. ಕುಡಿತ ಅಂಟಿಕೊಂಡಿತ್ತು. ಮಕ್ಕಳೂ ಓದುವ ಸಂಚಿಕೆಯಲ್ಲಿ ಇದನ್ನು ಬರೆಯಬೇಕೆ ಎಂದು ಎರಡು ದಿನ ಯೋಚಿಸಿದೆ. ಬರೆಯದಿದ್ದರೆ ಸುಳ್ಳಾಗುತ್ತದೆ. ಪರಿಸ್ಥಿತಿ ಎಷ್ಟು ಹದಗೆಟ್ಟಿತ್ತೆಂದರೆ ಹಳೆಯ ಸಹೋದ್ಯೋಗಿಯೊಬ್ಬರು ಕಾಳಜಿಯಿಂದ ಆ ಬಗ್ಗೆ ಕಾಗದ ಬರೆಯಬೇಕಾಯಿತು. 43ನೆಯ ವಯಸ್ಸಿನ ಆಸುಪಾಸಿನಲ್ಲಿ ಆ ಸ್ಥಿತಿಯಲ್ಲಿದ್ದವರು ತಮ್ಮ ಜೀವನದ ಮುಖ್ಯ ಕೆಲಸ ಮಾಡಿದ್ದು ಆಮೇಲೆ.

1949ರಲ್ಲಿ ಫಿಲಡೆಲ್ಫಿಯಾದ ಎಕರ್ಟ್ ಮಾಕ್ಲಿ ಕಂಪನಿಗೆ ಸೇರಿದರು. ಅಲ್ಲಿ ಯುನಿವ್ಯಾಕ್ ಎಂಬ ಎಲೆಕ್ಟ್ರಾನಿಕ್ ಕಂಪ್ಯೂಟರ್ ತಯಾರಾಗುತ್ತಿತ್ತು. ಮರುವರ್ಷ ರೆಮಿಂಗ್ಟನ್ ರ‍್ಯಾಂಡ್ ಎಂಬ ಕಂಪನಿ ಅದನ್ನು ಕೊಂಡಿತು. ಮಾರ್ಕ್ 1ಕ್ಕೆ ಹೋಲಿಸಿದರೆ ಯುನಿವ್ಯಾಕ್ ಮಿಂಚು. ಮೆಮೊರಿ ಮಾತ್ರ 1,000 ಪದಗಳು, ಪದವೊಂದಕ್ಕೆ 12 ಅಕ್ಷರ, ಒಟ್ಟು 12,000 ಅಕ್ಷರ. ನೀವು ಓದುತ್ತಿರುವ ಈ ಲೇಖನ ಅದರಲ್ಲಿ ಪೂರ್ತಿ ಹಿಡಿಯುತ್ತಿರಲಿಲ್ಲ. ಪಾದರಸ ತುಂಬಿದ ಕೊಳವೆಗಳಲ್ಲಿ ಸದ್ದಿನ ಅಲೆಗಳಾಗಿ ಆ ಅಕ್ಷರಗಳು ಸುತ್ತು ಹಾಕುತ್ತಿದ್ದವು. ಉಳಿದದ್ದೆಲ್ಲ ಟೇಪಿನ ಮೇಲೆ.

ಯಂತ್ರ ಸಾವಿರಾರು ಪಟ್ಟು ವೇಗವಾದ ಮೇಲೆ ಒಂದು ವಿಚಿತ್ರ ಬೆಳಕಿಗೆ ಬಂತು. ಲೆಕ್ಕ ನಿಮಿಷಗಳಲ್ಲಿ ಮುಗಿಯುತ್ತಿತ್ತು, ಆ ಲೆಕ್ಕವನ್ನು ಯಂತ್ರಕ್ಕೆ ಹೇಳಲು ವಾರಗಳು ಹಿಡಿಯುತ್ತಿದ್ದವು. ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ಶಕುಂತಲಾ ದೇವಿಯವರ ಕಥೆ ಇಲ್ಲಿ ನೆನಪಾಗುತ್ತದೆ. 1977ರಲ್ಲಿ ಅಮೆರಿಕದಲ್ಲಿ ಅವರು 201 ಅಂಕೆಗಳ ಸಂಖ್ಯೆಯೊಂದರ 23ನೆಯ ಮೂಲವನ್ನು 50 ಸೆಕೆಂಡಿನಲ್ಲಿ ಬಾಯಲ್ಲೇ ಹೇಳಿದರು. ಅದು ಸರಿಯೇ ಎಂದು ನೋಡಲು ಯುನಿವ್ಯಾಕ್ ಹೆಸರಿನ ಇನ್ನೊಂದು ಯಂತ್ರಕ್ಕೆ 62 ಸೆಕೆಂಡು ಬೇಕಾಯಿತು ಎಂದು ಎಲ್ಲರೂ ಹೇಳುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಆ 12 ಸೆಕೆಂಡಿನ ಗೆಲುವಲ್ಲ. ಆ ಒಂದು ಲೆಕ್ಕಕ್ಕಾಗಿ ಯಾರೋ ಕುಳಿತು ಪ್ರತ್ಯೇಕ ಪ್ರೋಗ್ರಾಂ ಬರೆಯಬೇಕಾಯಿತಲ್ಲ, ಅದರ ಹೊತ್ತನ್ನು ಯಾರೂ ಎಣಿಸುವುದಿಲ್ಲ. ಹಾಪರ್ ಎಣಿಸಿದರು.

ಅವರು ಮಾಡಿದ್ದು ಇಷ್ಟು. ನೋಟ್ ಪುಸ್ತಕಗಳಲ್ಲಿದ್ದಂಥ ತುಣುಕುಗಳನ್ನೆಲ್ಲ ಟೇಪಿಗೆ ಹಾಕಿ, ಲೈಬ್ರರಿ ಪುಸ್ತಕಗಳಿಗೆ ಕೊಡುವಂತೆ ಒಂದೊಂದಕ್ಕೂ ಕರೆಯುವ ಸಂಖ್ಯೆ ಕೊಟ್ಟರು. ಪ್ರೋಗ್ರಾಂ ಬರೆಯುವವರು ಆ ಸಂಖ್ಯೆಗಳನ್ನು ಬೇಕಾದ ಕ್ರಮದಲ್ಲಿ ಬರೆದರೆ ಸಾಕು. ತುಣುಕುಗಳನ್ನು ಟೇಪಿನಿಂದ ತರುವುದು, ನಕಲು ಮಾಡುವುದು, ಹೊಸ ಜಾಗಕ್ಕೆ ತಕ್ಕಂತೆ ಕೂಡಿಸುವುದು, ಹೊಲಿಯುವುದು ಎಲ್ಲ ಯಂತ್ರದ ಕೆಲಸ. 1951ರ ಕೊನೆಯಲ್ಲಿ ಶುರುವಾದ ಈ ಕೆಲಸ 1952ರ ಮೇ ಹೊತ್ತಿಗೆ ನಡೆಯುವ ಸ್ಥಿತಿಗೆ ಬಂತು. ಹೆಸರು ಎ-0. ಲೈಬ್ರರಿಯಿಂದ ಆಯ್ದು ಒಟ್ಟುಗೂಡಿಸುವುದರಿಂದ ಕಂಪೈಲರ್ ಎಂದು ಕರೆದರು. ಅದೇ ತಿಂಗಳು ಓದಿದ ಪ್ರಬಂಧಕ್ಕೆ ಅವರು ಕೊಟ್ಟ ಹೆಸರಿನ ಅರ್ಥ ಕಂಪ್ಯೂಟರಿನ ವಿದ್ಯಾಭ್ಯಾಸ ಎಂದು. ಟೀಚರ್ ಬುದ್ಧಿ ಹೋಗಲಿಲ್ಲ ನೋಡಿ.

ಇದರಲ್ಲಿ ಒಂದು ಸಿಕ್ಕು ಇತ್ತು. ಪ್ರೋಗ್ರಾಮಿನ 10ನೆಯ ಹೆಜ್ಜೆಯಲ್ಲಿ, ಬಾಕಿ ಸೊನ್ನೆಯಾದರೆ ಮುಂದಿನ ಇನ್ನೊಂದು ತುಣುಕಿಗೆ ಹಾರು ಎಂದು ಬರೆದಿದೆ ಎನ್ನಿ. ಆ ತುಣುಕು ಇನ್ನೂ ಟೇಪಿನಿಂದ ಬಂದಿಲ್ಲ. ಅದು ಮೆಮೊರಿಯ ಯಾವ ಜಾಗದಲ್ಲಿ ಕೂರುತ್ತದೋ ಗೊತ್ತಿಲ್ಲ. ಟೇಪನ್ನು ಕೊನೆವರೆಗೆ ಓಡಿಸಿ ಎಲ್ಲರ ವಿಳಾಸ ತಿಳಿದುಕೊಂಡು, ಮತ್ತೆ ಮೊದಲಿಂದ ಓಡಿಸಬಹುದು. ಹೊತ್ತು ಎರಡು ಪಟ್ಟು. ಎಲ್ಲವನ್ನೂ ಮೆಮೊರಿಯಲ್ಲಿ ಇಟ್ಟುಕೊಳ್ಳೋಣವೆಂದರೆ ಇರುವುದು 1,000 ಪದ. ಆಗ ಅವರಿಗೆ ನೆನಪಾದದ್ದು ಕಾಲೇಜಿನಲ್ಲಿ ಆಡಿದ ಬಾಸ್ಕೆಟ್‌ಬಾಲ್. ಆಗಿನ ಹುಡುಗಿಯರ ಆಟದಲ್ಲಿ ಚೆಂಡು ಹಿಡಿದುಕೊಂಡು ಮುಂದೆ ಓಡುವಂತಿರಲಿಲ್ಲ. ಚೆಂಡನ್ನು ಜೊತೆಗಾರ್ತಿಗೆ ಎಸೆದು, ತಾನು ಮುಂದೆ ಓಡಿ, ಅವಳಿಂದ ಮತ್ತೆ ಪಡೆಯಬೇಕು. ಹಾಪರ್ ಮೆಮೊರಿಯ ಕೊನೆಯಲ್ಲಿ ಒಂದು ಚಿಕ್ಕ ಮೂಲೆಯನ್ನು ಖಾಲಿ ಬಿಟ್ಟರು. ವಿಳಾಸ ಗೊತ್ತಿಲ್ಲದ ಹಾರಾಟಗಳೆಲ್ಲ ಮೊದಲು ಆ ಮೂಲೆಗೆ ಬರುತ್ತವೆ. ಮುಂದೆ ತುಣುಕು ಬಂದು ಕೂತಾಗ ಅದರ ವಿಳಾಸವನ್ನು ಮೂಲೆಯಲ್ಲಿ ಬರೆದಿಡುವುದು. ಮನೆ ಬದಲಿಸುವವರು ಬೀದಿ ಮೂಲೆಯ ಅಂಗಡಿಯಲ್ಲಿ ಹೊಸ ವಿಳಾಸದ ಚೀಟಿ ಬಿಟ್ಟುಹೋಗುವುದಿಲ್ಲವೆ, ಹಾಗೆ. ಟೇಪು ಒಂದೇ ಸಲ ಓಡಿದರೆ ಸಾಕಾಯಿತು. ಕಡಿಮೆ ಮೆಮೊರಿಯ ಯಂತ್ರದಲ್ಲಿ ಕಂಪೈಲ್ ಬೇಗ ಮುಗಿಸುವ ಉಪಾಯ ಎಂದರೆ ನನಗೆ ಇಂದಿಗೂ ಮೊದಲು ನೆನಪಾಗುವುದು ಈ ಮೂಲೆ. ನನ್ನ 50 ನಿಮಿಷದ ರೋಗಕ್ಕೆ ಸಿಕ್ಕ ಮದ್ದೂ ಇದೇ ಅಂಗಡಿಯದು. ಮಾಡಿದ್ದನ್ನು ಎತ್ತಿಡು, ಮತ್ತೆ ಮಾಡಬೇಡ, ಬೇಕಾದಷ್ಟನ್ನೇ ಕಟ್ಟೆಗೆ ತೆಗೆ.

ಜನ ನಂಬಲಿಲ್ಲ. ಕಂಪ್ಯೂಟರ್ ಲೆಕ್ಕ ಮಾಡುತ್ತದೆಯೇ ಹೊರತು ಪ್ರೋಗ್ರಾಂ ಬರೆಯಲಾರದು ಎಂಬುದು ಅಂದಿನ ತಿಳಿವಳಿಕೆ. ನಡೆಯುವ ಕಂಪೈಲರ್ ಕೈಯಲ್ಲಿದ್ದರೂ ಮುಟ್ಟುವವರಿರಲಿಲ್ಲ. ವಿರೋಧಿಸಿದವರೆಲ್ಲ ಮೂರ್ಖರು ಎಂದು ನಾನು ಹೇಳಲಾರೆ. ಆಗ ಯಂತ್ರದ ಸಮಯ ಬಹಳ ದುಬಾರಿ. ಅನುವಾದಕ್ಕೇ ಯಂತ್ರವನ್ನು ಕೂರಿಸುವುದು ದುಂದು ಎಂದು ಅನ್ನಿಸುವುದು ಸಹಜ. ಕಂಪೈಲರ್ ಜೋಡಿಸಿದ ಪ್ರೋಗ್ರಾಂ ನುರಿತವರು ಕೈಯಲ್ಲಿ ಬರೆದದ್ದಕ್ಕಿಂತ ನಿಧಾನವಾಗಿ ಓಡುತ್ತಿತ್ತು ಕೂಡ. ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿದವರು 1957ರಲ್ಲಿ ಫೋರ್ಟ್ರಾನ್ ತಂದ ಐಬಿಎಂನ ಜಾನ್ ಬ್ಯಾಕಸ್ ಮತ್ತು ಅವರ ತಂಡ. ಎ-0 ನಿಜವಾದ ಕಂಪೈಲರ್ ಅಲ್ಲ, ತುಣುಕು ಜೋಡಿಸುವ ಲಿಂಕರ್ ಅಷ್ಟೇ ಎಂದು ಇಂದಿನ ತಜ್ಞರು ಹೇಳುವುದರಲ್ಲೂ ಸತ್ಯವಿದೆ. ಆದರೆ ಯಂತ್ರದ ಸಮಯ ವರ್ಷ ವರ್ಷಕ್ಕೆ ಅಗ್ಗವಾಗುತ್ತದೆ, ಮನುಷ್ಯನ ಸಮಯ ಆಗುವುದಿಲ್ಲ ಎಂಬ ಲೆಕ್ಕವನ್ನು ಬೇಗ ಮಾಡಿದವರು ಹಾಪರ್.

ಮುಂದಿನ ಹೆಜ್ಜೆ ನನಗೆ ಎಲ್ಲಕ್ಕಿಂತ ಹತ್ತಿರದ್ದು. ಕಚೇರಿ, ಗೋದಾಮು, ಸಂಬಳದ ಲೆಕ್ಕ ಬರೆಯುವವರು ಗಣಿತದ ಚಿಹ್ನೆ ಕಂಡರೆ ಹೆದರುತ್ತಾರೆ, ಅವರು ಮಾತಿನಲ್ಲೇ ಬರೆಯಲಿ ಎಂದು ಹಾಪರ್ ಹೊರಟರು. ಮಾದರಿಯಾಗಿ ಇಂಗ್ಲಿಷ್ ಪದಗಳ ಪ್ರೋಗ್ರಾಂ ಒಂದನ್ನು ಮೇಲಧಿಕಾರಿಗಳಿಗೆ ತೋರಿಸಿದರು. ಜೊತೆಗೆ, ಅದೇ ಪ್ರೋಗ್ರಾಮನ್ನು ಪದಗಳನ್ನಷ್ಟೇ ಬದಲಿಸಿ ಫ್ರೆಂಚಿನಲ್ಲಿ, ಆಮೇಲೆ ಜರ್ಮನ್ನಿನಲ್ಲಿ ತೋರಿಸಿದರು. ಎಡವಟ್ಟಾಯಿತು. ಅಮೆರಿಕದಲ್ಲಿ ಮಾಡಿದ ಯಂತ್ರಕ್ಕೆ ಫ್ರೆಂಚ್, ಜರ್ಮನ್ ಹೇಗೆ ಬರುತ್ತದೆ ಎಂದು ಅಧಿಕಾರಿಗಳು ಗಾಬರಿಯಾದರು. ಯಂತ್ರಕ್ಕೆ ಇಂಗ್ಲಿಷೂ ಬರುವುದಿಲ್ಲ, ಅದು ಅಕ್ಷರಗಳ ಗುರುತು ನೋಡಿ ಪಟ್ಟಿಯಲ್ಲಿ ಹುಡುಕುತ್ತದೆ ಅಷ್ಟೇ ಎಂದು ಒಪ್ಪಿಸುವುದಕ್ಕೆ ಅವರು ತಿಂಗಳುಗಟ್ಟಲೆ ಹೆಣಗಿದರು. ಕೊನೆಗೆ ಇಂಗ್ಲಿಷಿನದು ಮಾತ್ರ ಮುಂದುವರಿಯಿತು, ಫ್ಲೋ-ಮ್ಯಾಟಿಕ್ ಎಂಬ ಹೆಸರಿನಲ್ಲಿ. ಕನ್ನಡ ಮಾಧ್ಯಮದಿಂದ ಹೋಗಿ, ಇಂಜಿನಿಯರಿಂಗ್ ಮೊದಲ ವರ್ಷ ಪೂರ್ತಿ ಕೊನೆಯ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂತಿದ್ದ ನನಗೆ ಈ ಸಂಗತಿ ಆಗಲೇ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು.

ಫ್ಲೋ-ಮ್ಯಾಟಿಕ್ಕಿನ ಮೇಲೆ, 1959ರ ಮೇ ತಿಂಗಳಲ್ಲಿ ಸರ್ಕಾರ ಮತ್ತು ಕಂಪನಿಗಳು ಕೂಡಿ ನಡೆಸಿದ ಸಭೆಯ ನಂತರ, ಕೋಬಾಲ್ ಭಾಷೆ ಹುಟ್ಟಿತು. ಹಾಪರ್ ಅದರ ಸಲಹೆಗಾರರಲ್ಲಿ ಒಬ್ಬರು. 1960ರ ಡಿಸೆಂಬರಿನಲ್ಲಿ ಒಂದೇ ಕೋಬಾಲ್ ಪ್ರೋಗ್ರಾಂ ಎರಡು ಬೇರೆ ಕಂಪನಿಗಳ ಯಂತ್ರಗಳ ಮೇಲೆ ಓಡಿತು. ಬ್ಯಾಂಕು, ವಿಮೆ, ಸರ್ಕಾರಿ ಕಚೇರಿಗಳೆಲ್ಲ ಅದನ್ನು ಹಿಡಿದವು. ಆ ಕಾಲದಲ್ಲಿ ಮೆಮೊರಿ ಉಳಿಸಲೆಂದು ಇಸವಿಯ ಕೊನೆಯ ಎರಡು ಅಂಕೆಗಳನ್ನು ಮಾತ್ರ ಬರೆಯುತ್ತಿದ್ದರು. ಆ ಜಿಪುಣತನವೇ 2000ನೆಯ ಇಸವಿ ಹತ್ತಿರ ಬಂದಾಗ ವೈಟುಕೆ ಎಂಬ ತಲೆನೋವಾಗಿ, ಅದನ್ನು ತಿದ್ದುವ ಕೆಲಸ ಬೆಂಗಳೂರಿಗೂ ಬಂತು. ನಮ್ಮ ಶಾಲೆಯ ಹಿಂದಿನ ಬ್ಯಾಚುಗಳ ಅಣ್ಣಂದಿರಲ್ಲಿ ಕೆಲವರು ಮೊದಲ ಸಂಬಳ ಎಣಿಸಿದ್ದು ಕೋಬಾಲಿನಿಂದಲೇ.

1966ರ ಕೊನೆಗೆ ನೌಕಾಪಡೆ ವಯಸ್ಸಾಯಿತೆಂದು ಅವರನ್ನು ನಿವೃತ್ತಿ ಮಾಡಿತು. ಮರುವರ್ಷವೇ, ತನ್ನ ಪ್ರೋಗ್ರಾಮುಗಳ ಗೊಂದಲ ತಡೆಯಲಾರದೆ ಆರು ತಿಂಗಳ ಮಟ್ಟಿಗೆ ಮತ್ತೆ ಕರೆಸಿಕೊಂಡಿತು. ಆ ಆರು ತಿಂಗಳು 1986ರವರೆಗೆ ನಡೆಯಿತು. ರಿಯರ್ ಅಡ್ಮಿರಲ್ ದರ್ಜೆಗೇರಿ, 79ನೆಯ ವಯಸ್ಸಿನಲ್ಲಿ ನಿವೃತ್ತರಾದರು. ಆಮೇಲೂ ಮನೆಯಲ್ಲಿ ಕೂರದೆ ಡಿಜಿಟಲ್ ಎಂಬ ಕಂಪ್ಯೂಟರ್ ಕಂಪನಿಗೆ ಸಲಹೆಗಾರರಾದರು. 1992ರ ಜನವರಿ 1ರಂದು ತೀರಿಕೊಂಡರು.

ಕೊನೆಯ ವರ್ಷಗಳಲ್ಲಿ ಊರೂರು ತಿರುಗಿ ಉಪನ್ಯಾಸ ಕೊಡುತ್ತಿದ್ದರು. ಚೀಲದಲ್ಲಿ ಸುಮಾರು 30 ಸೆಂ.ಮೀ. ಉದ್ದದ ತಂತಿ ತುಂಡುಗಳಿರುತ್ತಿದ್ದವು. ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲಿನಲ್ಲಿ ಬೆಳಕು ಓಡುವ ದೂರ ಅಷ್ಟೇ. ಎಲ್ಲರಿಗೂ ಒಂದೊಂದು ಹಂಚುತ್ತಿದ್ದರು, ಸಮಯ ಹಾಳು ಮಾಡುವುದೆಂದರೆ ಏನೆಂದು ಕಣ್ಣಿಗೆ ಕಾಣಲಿ ಎಂದು.

ಹೋದ ವರ್ಷ ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಗೆ ಹೋಗಿದ್ದಾಗ ತಂತಿಯ ಬದಲು ಮಕ್ಕಳ ಕೈಯಲ್ಲಿದ್ದ ಅಡಿ ಸ್ಕೇಲನ್ನೇ ಹಿಡಿದು ಈ ಕಥೆ ಹೇಳಿದೆ. ಫ್ರೆಂಚ್, ಜರ್ಮನ್ ಪ್ರಸಂಗಕ್ಕೆ ಬಂದಾಗ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ, ಹಾಗಾದರೆ ಕನ್ನಡ ಯಾಕೆ ಆಗಲ್ಲ ಸರ್ ಎಂದು ಕೇಳಿದಳು. ಅಲ್ಲಿದ್ದ 2 ಜಿಬಿ ಮೆಮೊರಿಯ ಹಳೆಯ ಕಂಪ್ಯೂಟರಿನಲ್ಲೇ ಕುಳಿತು ಹತ್ತು ಪದಗಳ ಪಟ್ಟಿ ಮಾಡಿದೆವು. ಕನ್ನಡದಲ್ಲಿ ಬರೆದದ್ದನ್ನು ಪಟ್ಟಿ ನೋಡಿ ಬದಲಿಸುವ ಪುಟ್ಟ ಪ್ರೋಗ್ರಾಂ ಸಂಜೆಯ ಹೊತ್ತಿಗೆ ಓಡಿತು. 7ರ ಮಗ್ಗಿ ಪರದೆಯ ಮೇಲೆ ಬಂತು. ತೆರೆಯ ಮೇಲೆ ತೋರಿಸು ಎಂಬ ಆಜ್ಞೆಗೆ ಬರೆ ಎಂದಿಡಬೇಕೋ ಹೇಳು ಎಂದಿಡಬೇಕೋ ಎಂಬ ಜಗಳ ಮಾತ್ರ, ನಾನು ಕೆ.ಆರ್. ಪುರದ ಬಸ್ಸು ಹತ್ತುವಾಗಲೂ ಮುಗಿದಿರಲಿಲ್ಲ.